ಪೂಜೆಗಿಟ್ಟ ಸ್ಪ್ಯಾನರ್

ವಿಶಾಲಾಕ್ಷಿ ಮೇಡಂ ಅವರ ಕೈಯಲ್ಲಿ ಬಲವಿತ್ತು. ಇಲ್ಲ ಎಂದು ಹೇಳಿದವನು ನಾನು. ಸುಳ್ಳೆಂದು ಗೊತ್ತಿದ್ದೇ ಹೇಳಿದೆ — ಬೆಳಗ್ಗೆ ನನ್ನ ಕೈಯಾರೆ ಒಂದು ಸ್ಕ್ರೂ ಸಡಿಲ ಮಾಡಿ, ಮಧ್ಯಾಹ್ನ ಎಲ್ಲರೆದುರು ಆ ತಪ್ಪನ್ನು ಅವರ ಕೈಯ ಮೇಲೆ ಹೊರಿಸಿದೆ. ಅವರು ನಂಬಿದರು. ಇವತ್ತಿಗೂ ನಂಬಿಕೊಂಡಿದ್ದಾರೆ.

ನಾನು ಬರೆಯುವವನಲ್ಲ. ಪೀಣ್ಯದ ಒಂದು ಶೆಡ್ಡಿನಲ್ಲಿ ಹೈಡ್ರಾಲಿಕ್ ಪ್ರೆಸ್ಸುಗಳನ್ನು ಜೋಡಿಸುತ್ತ ಆಯುಷ್ಯ ಕಳೆದ ಫಿಟ್ಟರ್. ಎಣ್ಣೆಯ ಒತ್ತಡದಿಂದ ದಪ್ಪ ತಗಡು ಬಗ್ಗಿಸುವ ಯಂತ್ರಗಳು ಅವು. ಹೆಸರು ರಂಗಸ್ವಾಮಿ. ಕೆಲಸದಲ್ಲಿ ನನ್ನ ಮೇಲೆ ಯಾರೂ ಬೆರಳು ತೋರಿಸಿದ್ದಿಲ್ಲ, ಅದರ ಜಂಬವೂ ನನಗೆ ಚೆನ್ನಾಗಿಯೇ ಇತ್ತು. ಈಗ ಹೇಳುತ್ತಿರುವುದು ನಾನು ಮಾಡಿದ ಅತ್ಯುತ್ತಮ ಕೆಲಸದ ಕಥೆಯೂ ಹೌದು — ಅದೇ ಸಂಕಟ.

ಎಂಬತ್ತರ ದಶಕದ ಮೊದಲ ವರ್ಷಗಳು. ಮೇಡಂ ಅವರ ಯಜಮಾನರು ಜಾಲಹಳ್ಳಿ ಕಡೆಯ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಇಂಜಿನಿಯರು. ನಾವು ಮಾಡಿದ ಪ್ರೆಸ್ಸುಗಳನ್ನು ಪರೀಕ್ಷಿಸಲು ನಮ್ಮ ಶೆಡ್ಡಿಗೆ ಬರುತ್ತಿದ್ದರು, ತಮ್ಮ ಹಳೆಯ ಅಮೆರಿಕನ್ ಕಾರಿನಲ್ಲಿ. ಯಾವುದೋ ಕಾಫಿ ತೋಟದವರು ಎಂದೋ ತರಿಸಿದ್ದ ಗಾಡಿಯಂತೆ ಅದು. ಕೆನೆ ಬಣ್ಣ, ಉದ್ದನೆಯ ಮೂತಿ, ಮೊರದಗಲದ ಸ್ಟೀರಿಂಗ್. ನಮ್ಮ ಶೆಡ್ಡಿನವರು ಅದಕ್ಕೆ ಹಡಗು ಎಂದು ಹೆಸರಿಟ್ಟಿದ್ದರು. ಓಡುವಾಗ ಬೆಣ್ಣೆಯಂತೆ ಓಡುತ್ತಿತ್ತು. ಆದರೆ ನಿಂತಲ್ಲಿ ಸ್ಟೀರಿಂಗ್ ತಿರುಗಿಸಬೇಕಾದರೆ ಗಂಡಸರೂ ಹೆಗಲು ಕೊಟ್ಟು ಎಳೆಯಬೇಕಿತ್ತು.

ಯಜಮಾನರು ಹೃದಯಾಘಾತದಿಂದ ತೀರಿಕೊಂಡರು. ಮಕ್ಕಳಿರಲಿಲ್ಲ. ಮೇಡಂ ಕ್ವಾರ್ಟರ್ಸ್ ಬಿಟ್ಟು, ಹತ್ತಿರದ ಬಡಾವಣೆಯಲ್ಲಿ ಇಕ್ಕಟ್ಟಾದ ಓಣಿಯ ಕೊನೆಗಿದ್ದ ಸ್ವಂತ ಮನೆಗೆ ಬಂದರು. ಅದೇ ವರ್ಷ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈಯ ಮಣಿಕಟ್ಟು ಮುರಿಯಿತು. ಮೂಳೆ ಕೂಡಿಕೊಂಡಿತು, ಹಿಡಿತ ಮಾತ್ರ ಪೂರ್ತಿ ಬರಲಿಲ್ಲ. ಡಾಕ್ಟರು ಒಂದು ರಬ್ಬರ್ ಚೆಂಡು ಕೊಟ್ಟು, ದಿನವೂ ಹಿಚುಕುತ್ತಿರಿ, ಯಾವ ಕಾರಣಕ್ಕೂ ಬಿಡಬೇಡಿ, ಬಿಟ್ಟರೆ ಕೈ ಸೆಟೆದುಹೋಗುತ್ತದೆ ಎಂದಿದ್ದರು.

ಕಾರಿನ ಬ್ಯಾಟರಿ ಸತ್ತಿದೆ, ಬಂದು ನೋಡುತ್ತೀರಾ ಎಂದು ಅವರು ಹೇಳಿ ಕಳಿಸಿದ್ದರಿಂದ ನಾನು ಆ ಮನೆಗೆ ಹೋದದ್ದು. ಅವರಿಗೆ ಡ್ರೈವಿಂಗ್ ಬರುತ್ತಿತ್ತು, ಲೈಸೆನ್ಸೂ ಇತ್ತು, ಯಜಮಾನರೇ ಕಲಿಸಿದ್ದರು. ನೇರ ರಸ್ತೆಯಲ್ಲಿ ಆ ಕೈಯಲ್ಲೂ ಓಡಿಸಬಲ್ಲರು. ಆದರೆ ಓಣಿಯಿಂದ ರಸ್ತೆಗೆ ಹೊರಳಿಸಬೇಕಾದರೆ ನಿಂತಲ್ಲೇ ಸ್ಟೀರಿಂಗನ್ನು ಕೊನೆಯವರೆಗೂ ತಿರುಗಿಸಬೇಕು. ಅಲ್ಲಿ ಕೈ ಸೋಲುತ್ತಿತ್ತು. ಮನೆಯ ಮುಂದೆ ಕಾರು, ಕಾರಿನ ಮುಂದೆ ರಸ್ತೆ — ನಡುವೆ ಆ ಒಂದು ತಿರುವು.

"ಆನೇಕಲ್‌ನಲ್ಲಿ ನಮ್ಮಮ್ಮ ಇದ್ದಾರೆ. ಬಸ್ಸಲ್ಲಿ ಹೋದ್ರೆ ದಿನವೆಲ್ಲ ಅದರಲ್ಲೇ ಆಗುತ್ತೆ. ಭಾನುವಾರ ನಿಮಗೆ ಬಿಡುವಿದ್ರೆ..." ಎಂದು ಅವರು ಅರ್ಧಕ್ಕೇ ನಿಲ್ಲಿಸಿದರು.

ಬಿಡುವು. ನನ್ನ ಭಾನುವಾರಗಳಲ್ಲಿ ಬಿಡುವಲ್ಲದೆ ಬೇರೇನೂ ಇರಲಿಲ್ಲ. ದಾಸರಹಳ್ಳಿಯಲ್ಲಿ ಒಂದು ಕೋಣೆ, ಒಂದು ಸ್ಟೌ, ಒಂದು ಹಗ್ಗದ ಮೇಲೆ ಎರಡು ಖಾಕಿ ಷರ್ಟು. ತಂಗಿಯರ ಮದುವೆ ಮುಗಿಸುವಷ್ಟರಲ್ಲಿ ನನ್ನ ಮದುವೆಯ ವಯಸ್ಸು ಹೇಳದೆ ಕೇಳದೆ ಎದ್ದುಹೋಗಿತ್ತು. ಶನಿವಾರ ಸೈರನ್ ಆದಮೇಲೆ ಸೋಮವಾರದ ಸೈರನ್‌ವರೆಗೆ ನನ್ನನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರುತ್ತಿರಲಿಲ್ಲ.

ಹೀಗೆ ಶುರುವಾಯಿತು. ಪ್ರತಿ ಭಾನುವಾರ ಇಸ್ತ್ರಿ ಮಾಡಿದ ಷರ್ಟು ತೊಟ್ಟು ಅವರ ಮನೆಗೆ. ಯಶವಂತಪುರ ದಾಟಿ, ಊರೆಲ್ಲ ಹಾದು, ಹೊಸೂರು ರಸ್ತೆ. ಈಗ ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಕಟ್ಟಡಗಳು ನಿಂತಿರುವ ಕಡೆ ಆಗ ರಾಗಿ ಹೊಲ, ಅಲ್ಲೊಂದು ಇಲ್ಲೊಂದು ಹೊಸ ಕಾಂಪೌಂಡು. ಅಲ್ಲೊಂದು ಹುಣಸೆ ಮರದ ಕೆಳಗೆ ನಿಲ್ಲಿಸಿ ಫ್ಲಾಸ್ಕಿನ ಕಾಫಿ ಕುಡಿಯುತ್ತಿದ್ದೆವು. ಚಂದಾಪುರದಲ್ಲಿ ಬಲಕ್ಕೆ ತಿರುಗಿದರೆ ಆನೇಕಲ್. ಮೊದಮೊದಲು ಮೇಡಂ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದರು. ಒಂದು ದಿನ, "ಹಿಂದೆ ಕೂತ್ರೆ ನಿಮ್ಮನ್ನ ಡ್ರೈವರ್ ಮಾಡ್ದಂಗಾಗುತ್ತೆ," ಎಂದು ಮುಂದೆ ಬಂದು ಕೂತರು. ತೊಡೆಯ ಮೇಲೆ ಬಲಗೈ, ಕೈಯಲ್ಲಿ ಆ ಚೆಂಡು. ದಾರಿಯುದ್ದಕ್ಕೂ ಹಿಚುಕುತ್ತ, ಬಿಡುತ್ತ. ಅದನ್ನು ಪ್ರೀತಿ ಎಂದರೆ ಸುಳ್ಳಾದೀತು. ಅಲ್ಲ ಎಂದರೂ — ಬೇಡ, ಅದಕ್ಕೆ ಹೆಸರಿಡಲು ಹೋಗುವುದಿಲ್ಲ. ಒಬ್ಬರು ನನ್ನ ಪಕ್ಕದಲ್ಲಿ ಕೂತು, ಊಟ ಆಯ್ತಾ ರಂಗಸ್ವಾಮಿ ಎಂದು ಕೇಳುತ್ತಿದ್ದರು. ನನಗೆ ಅಷ್ಟೇ ಬೇಕಾಗಿತ್ತು, ಅದು ಬಹಳವೇ ಬೇಕಾಗಿತ್ತು.

ಆನೇಕಲ್ಲಿನಲ್ಲಿದ್ದ ಅವರ ಮುದುಕಿ ತಾಯಿಯ ಬಾಯಿ ಬಹಳ ಚುರುಕು. ಜಗುಲಿಯ ಮೇಲಿಂದಲೇ ಮಗಳನ್ನು ಛೇಡಿಸುತ್ತಿದ್ದರು.

"ಕಾರ್ ಓಡುಸ್ತೀನಿ, ಕಾರ್ ಓಡುಸ್ತೀನಿ ಅಂತ ಯೋಳ್ತೀಯ. ನಾ ಕಂಡಂಗೆ ಯಾವಾಗ್ಲೂ ಪಕ್ಕದಾಗೆ ಕುಂತ್ಕಂಡು ಬತ್ತೀಯ. ನಾನು ಓಗೋದ್ರೊಳಗೆ ಒಂದ್ ದಪ ಓಡುಸ್ಕಂಡು ಬಾ, ನೋಡಾನ."

ಮೇಡಂ ನಗುತ್ತಿದ್ದರು. ವಾಪಸ್ ಬರುವಾಗ ಚೆಂಡು ಹಿಚುಕುವುದು ಜೋರಾಗಿರುತ್ತಿತ್ತು. ಒಂದು ಭಾನುವಾರ ಹುಣಸೆ ಮರದ ಕೆಳಗೆ ಅವರೇ ಮಾತು ತೆಗೆದರು.

"ರಂಗಸ್ವಾಮಿ, ನೀವು ಅಷ್ಟು ದಪ್ಪ ತಗಡನ್ನ ಎಣ್ಣೆ ಪ್ರೆಶರ್‌ನಲ್ಲಿ ಬಗ್ಗಿಸ್ತೀರ. ಈ ಸ್ಟೀರಿಂಗ್ ತಿರುಗ್ಸೋಕೆ ಒಂದು ಚೂರು ಎಣ್ಣೆ ಸಾಲಲ್ವಾ?"

"ಫಾರಿನ್‌ನಲ್ಲಿ ಮಾಡ್ತಾರೆ ಮೇಡಂ. ಪವರ್ ಸ್ಟೀರಿಂಗ್ ಅಂತಾರೆ."

"ಫಾರಿನ್ ಬಿಡಿ. ನಿಮ್ಮ ಕೈಲಿ ಆಗುತ್ತಾ, ಹೇಳಿ."

"ಆಗುತ್ತೆ," ಎಂದೆ. ಜಂಬ ಎಂದೆನಲ್ಲ, ಅದು ಮಾತಾಡಿತು. ಆದರೆ ಏನು ಮಾಡಲು ಹೊರಟಿದ್ದೇನೆ ಎಂಬುದು ಆಗ ನನ್ನ ತಲೆಗೆ ಹೋಗಲೇ ಇಲ್ಲ.

ಶೆಡ್ಡಿನ ಮಾಲೀಕರು ಒಳ್ಳೆಯವರು. ಪಾಳಿ ಮುಗಿದ ಮೇಲೆ ಲೇತು ಉಪಯೋಗಿಸಿಕೋ ಎಂದರು. ಕಾರನ್ನು ಅಂಗಳಕ್ಕೆ ತಂದು ನಿಲ್ಲಿಸಿಕೊಂಡೆ. ಗುಜರಿಯಲ್ಲಿ ಸಿಕ್ಕ ಹಳೆಯ ವಿದೇಶಿ ಲಾರಿಯೊಂದರ ಪಂಪನ್ನು ಬಿಚ್ಚಿ ಸರಿಮಾಡಿ, ಇಂಜಿನ್ನಿನ ಬೆಲ್ಟಿಗೆ ಕೂರಿಸಿದೆ. ಸಿಲಿಂಡರನ್ನೂ ವಾಲ್ವನ್ನೂ ನಾನೇ ಮಾಡಿದೆ. ಕೆಲಸ ಅರ್ಥವಾಗದ್ದೇನಲ್ಲ: ಸ್ಟೀರಿಂಗನ್ನು ಯಾವ ಕಡೆ ಸ್ವಲ್ಪ ಎಳೆದರೂ ವಾಲ್ವು ಆ ಕಡೆಗೆ ಎಣ್ಣೆ ಬಿಡುತ್ತದೆ, ಎಣ್ಣೆ ಸಿಲಿಂಡರಿನ ದಂಡವನ್ನು ತಳ್ಳುತ್ತದೆ, ಗಾಲಿ ಹೊರಳುತ್ತದೆ. ಒತ್ತಡ ಎಷ್ಟಿರಬೇಕು ಎಂಬುದನ್ನು ಒಂದು ಸ್ಕ್ರೂ ನಿರ್ಧರಿಸುತ್ತದೆ. ಬಿಗಿ ಮಾಡಿದರೆ ಒತ್ತಡ ಏರುತ್ತದೆ. ಸಡಿಲ ಬಿಟ್ಟರೆ ಎಣ್ಣೆ ಸುಮ್ಮನೆ ಸುತ್ತಿ, ಏನೂ ಮಾಡದೆ, ಬಂದ ದಾರಿಯಲ್ಲೇ ಟ್ಯಾಂಕಿಗೆ ವಾಪಸ್ ಹೋಗುತ್ತದೆ. ಹೊಸ ಯಂತ್ರವನ್ನು ಮೊದಲ ಸಲ ಶುರು ಮಾಡುವಾಗ ಆ ಸ್ಕ್ರೂವನ್ನು ಪೂರ್ತಿ ಸಡಿಲ ಬಿಟ್ಟೇ ಶುರು ಮಾಡಬೇಕು, ಪೈಪು ಸಿಡಿಯದಿರಲಿ ಎಂದು. ಆಮೇಲೆ ಸ್ವಲ್ಪ ಸ್ವಲ್ಪವೇ ಬಿಗಿ ಮಾಡುವುದು. ಇದು ನಮ್ಮ ಕೆಲಸದ ಪದ್ಧತಿ.

ಕಾರು ಅಂಗಳದಲ್ಲಿ ಬಿಚ್ಚಿಕೊಂಡು ನಿಂತಿದ್ದ ಆ ವಾರಗಳಲ್ಲಿ ಭಾನುವಾರದ ಪ್ರಯಾಣ ನಿಂತಿತು. ಮತ್ತೆ ಅದೇ ಕೋಣೆ, ಅದೇ ಸ್ಟೌ. ಬಟ್ಟೆ ಒಗೆದು ಒಣಹಾಕಿದ ಮೇಲೆ ಇಡೀ ದಿನ ನನ್ನ ಮುಂದೆ ಬಿದ್ದಿರುತ್ತಿತ್ತು. ಒಂದು ಭಾನುವಾರ ಸುಮ್ಮನೆ ಬಸ್ ಹತ್ತಿ ಹೊಸೂರು ರಸ್ತೆಯವರೆಗೆ ಹೋಗಿ, ಆ ಹುಣಸೆ ಮರದ ಹತ್ತಿರ ಇಳಿದು, ವಾಪಸ್ ಬಂದೆ. ಇದನ್ನೂ ಯಾರಿಗೂ ಹೇಳಿದ್ದಿಲ್ಲ, ನಾಚಿಕೆ.

ಆಯುಧಪೂಜೆಯ ದಿನ ಮೇಡಂ ಬಂದು ಕಾರು ತೆಗೆದುಕೊಂಡು ಹೋಗುವುದು ಎಂದು ಮಾತಾಗಿತ್ತು. ಹಿಂದಿನ ದಿನ ಸಂಜೆ ಕೆಲಸ ಮುಗಿಯಿತು. ಎಲ್ಲರೂ ಹೋದ ಮೇಲೆ ಇಂಜಿನ್ ಶುರು ಮಾಡಿ, ಸ್ಕ್ರೂವನ್ನು ನಿಧಾನವಾಗಿ ಬಿಗಿ ಮಾಡುತ್ತ ಬಂದೆ. ಒಳಗೆ ಕೂತು ಸ್ಟೀರಿಂಗ್ ಮುಟ್ಟಿದೆ — ಒಂದೇ ಬೆರಳಿಗೆ ತಿರುಗಿತು. ಆ ಹಡಗಿನಂಥ ಗಾಡಿಯ ಗಾಲಿಗಳು ನಿಂತಲ್ಲೇ ಆ ಕೊನೆಯಿಂದ ಈ ಕೊನೆಗೆ, ಬಾಗಿಲು ತೆರೆದ ಹಾಗೆ. ಖುಷಿಗೆ ನಾನೊಬ್ಬನೇ ಕೂತು ನಕ್ಕೆ. ಅವರು ನಾಳೆ ಇದನ್ನು ಮುಟ್ಟಿದಾಗ ಅವರ ಮುಖ ಹೇಗಾಗಬಹುದು ಎಂದು ನೆನೆಸಿಕೊಂಡೆ. ಭಾನುವಾರ ಅವರೇ ಓಡಿಸಿಕೊಂಡು ಆನೇಕಲ್ಲಿಗೆ ಹೋಗುತ್ತಾರೆ, ಮುದುಕಿ ಜಗುಲಿಯಿಂದ ಎದ್ದು ನಿಲ್ಲುತ್ತಾಳೆ —

ಭಾನುವಾರ ಅವರೇ ಓಡಿಸಿಕೊಂಡು ಹೋಗುತ್ತಾರೆ. ಆಗ ನಾನು?

ಇಂಜಿನ್ ಓಡುತ್ತಲೇ ಇತ್ತು. ಅದನ್ನು ಆರಿಸಿ, ಬಾನೆಟ್ ಮುಚ್ಚಿ, ಕೋಣೆಗೆ ನಡೆದೆ.

ಬೆಳಗ್ಗೆ ಎಲ್ಲರಿಗಿಂತ ಮೊದಲು ಶೆಡ್ಡಿಗೆ ಹೋದೆ. ಬಾನೆಟ್ ಎತ್ತಿ, ಸ್ಪ್ಯಾನರ್ ಹಾಕಿ, ಸ್ಕ್ರೂವನ್ನು ಪೂರ್ತಿ ಸಡಿಲ ಬಿಟ್ಟೆ. ನಾನೇನು ಮುರಿಯುತ್ತಿಲ್ಲ, ಮೊದಲು ಎಲ್ಲಿತ್ತೋ ಅಲ್ಲಿಗೆ ತರುತ್ತಿದ್ದೇನೆ, ಅಷ್ಟೇ — ಎಂದು ನನಗೆ ನಾನೇ ಹೇಳಿಕೊಂಡೆ. ಆಮೇಲೆ ಆ ಸ್ಪ್ಯಾನರನ್ನು ಒರೆಸಿ, ಉಳಿದ ಹತ್ಯಾರುಗಳ ಜೊತೆ ದೇವರ ಪಟದ ಮುಂದೆ ಜೋಡಿಸಿ, ಅರಿಶಿನ ಕುಂಕುಮ ಹಚ್ಚಿದೆ. ಕೈ ನಡುಗಲಿಲ್ಲ. ನಡುಗಿತ್ತು ಎಂದು ಬರೆದರೆ ನನ್ನ ಮೇಲೆ ನಾನೇ ಕನಿಕರ ತೋರಿಸಿದ ಹಾಗಾಗುತ್ತದೆ.

ಮಧ್ಯಾಹ್ನ ಪೂಜೆಯಾಯಿತು. ಯಂತ್ರಗಳಿಗೆಲ್ಲ ಬಾಳೆಕಂದು, ಚೆಂಡುಹೂವಿನ ಹಾರ. ಮೇಡಂ ಆಟೋದಲ್ಲಿ ಬಂದರು, ಹೊಸ ಸೀರೆ ಉಟ್ಟಿದ್ದರು. ಕಾರಿಗೂ ಹಾರ ಹಾಕಿ, ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟೆವು. ಪುರಿ ಕಡಲೆಯ ಪೊಟ್ಟಣ ಹಿಡಿದು ಎಲ್ಲರೂ ಸುತ್ತ ನಿಂತರು. ಅವರು ಡ್ರೈವರ್ ಸೀಟಿನಲ್ಲಿ ಕೂತು ನನ್ನ ಕಡೆ ನೋಡಿ ನಕ್ಕರು. ಕಾರು ಮುಂದೆ ಹೋಯಿತು, ನಿಂಬೆಹಣ್ಣು ಒಡೆದವು, ಎಲ್ಲರೂ ಚಪ್ಪಾಳೆ ತಟ್ಟಿದರು. ಗೇಟಿನ ಹತ್ತಿರ ಎಡಕ್ಕೆ ಹೊರಳಿಸಬೇಕು. ಅಲ್ಲಿ ಕಾರು ನಿಂತಿತು.

ಅವರು ಎಳೆದರು. ಸ್ಟೀರಿಂಗ್ ಅಲ್ಲಾಡಲಿಲ್ಲ. ಇನ್ನೊಮ್ಮೆ ಎಳೆದರು. ಒತ್ತಡವಿಲ್ಲದ ಎಣ್ಣೆ ಸಿಲಿಂಡರಿನಲ್ಲಿ ತುಂಬಿಕೊಂಡಿದ್ದರೆ ಸ್ಟೀರಿಂಗ್ ಮುಂಚಿಗಿಂತಲೂ ಭಾರವಾಗುತ್ತದೆ. ಅದು ನನಗೆ ಗೊತ್ತಿತ್ತು, ಅವರಿಗೆ ಗೊತ್ತಿರಲಿಲ್ಲ. ಮಣಿಕಟ್ಟನ್ನು ಎಡಗೈಯಲ್ಲಿ ಒತ್ತಿ ಹಿಡಿದುಕೊಂಡು ಅವರು ಕಿಟಕಿಯಿಂದ ಕರೆದರು.

"ಯಾಕೋ ಬರ್ತಿಲ್ಲ ರಂಗಸ್ವಾಮಿ. ಏನಾದ್ರೂ ಸ್ವಲ್ಪ ಅಡ್ಜಸ್ಟ್ ಮಾಡ್ಬೇಕೇನೋ, ನೋಡಿ."

"ಇವತ್ತು ಹತ್ಯಾರ ಮುಟ್ಟೋ ಹಾಗಿಲ್ಲ ಮೇಡಂ. ಪೂಜೆಗಿಟ್ಟಿದೀವಿ."

ಇಷ್ಟಕ್ಕೇ ನಿಂತಿದ್ದರೆ — ನಾಳೆ ನೋಡುತ್ತೇನೆ ಎಂದು ಹೇಳಿ, ಮಾರನೆಯ ದಿನ ಮನಸ್ಸು ಬದಲಾಯಿಸಿಕೊಳ್ಳಬಹುದಿತ್ತು. ಆದರೆ ಹಿಂದಿನಿಂದ ಯಾರೋ, "ಏನ್ ಗುರು, ನಿನ್ ಪವರು ಇಷ್ಟೇನಾ?" ಎಂದು ಕಿಸಕ್ಕೆಂದರು. ನನ್ನ ಕೆಲಸದ ಮೇಲೆ ಮಾತು ಬಂತು. ಅದನ್ನು ನಾನು ತಡೆದುಕೊಳ್ಳಲಿಲ್ಲ. ಮೇಡಂಗೆ ಪಕ್ಕಕ್ಕೆ ಸರಿಯಲು ಹೇಳಿ, ನಾನು ಕೂತು, ಗಾಡಿಯನ್ನು ಸ್ವಲ್ಪ ಉರುಳಲು ಬಿಟ್ಟು, ಇಷ್ಟು ದಿನ ತಿರುಗಿಸಿ ಅಭ್ಯಾಸವಾಗಿದ್ದ ತೋಳಿನ ಬಲವನ್ನೆಲ್ಲ ಹಾಕಿ ಒಂದೇ ಕೈಯಲ್ಲಿ ತಿರುಗಿಸಿದೆ. ಮುಖದಲ್ಲಿ ಮಾತ್ರ ಏನೂ ಕಾಣಗೊಡಲಿಲ್ಲ. ಬಗಲಲ್ಲಿ ನರ ಹಿಡಿದುಕೊಂಡದ್ದು ವಾರವಾದರೂ ಬಿಡಲಿಲ್ಲ.

ಆಮೇಲೆ ಹೇಳಿದೆ.

"ಮಿಷನ್ ಸರಿಯಾಗೇ ಇದೆ ಮೇಡಂ. ನಿಮ್ಮ ಕೈಯಲ್ಲೇ ಬಲ ಇಲ್ಲ."

ಅವರು ವಾದಿಸಲಿಲ್ಲ. ತಮ್ಮ ಬಲಗೈಯನ್ನು ಒಮ್ಮೆ ನೋಡಿಕೊಂಡರು — ಬೇರೆ ಯಾರದೋ ಕೈ ಎಂಬಂತೆ. "ಮುಂಚೆ ಇಷ್ಟು ಸೋಲ್ತಿರಲಿಲ್ಲ. ಕಮ್ಮಿ ಆಗ್ತಾ ಬಂದಿದೆ," ಎಂದಷ್ಟೇ ಅಂದರು. ಅವತ್ತೂ ಅವರನ್ನು ಮನೆಗೆ ಬಿಟ್ಟವನು ನಾನೇ.

ನನ್ನ ಭಾನುವಾರಗಳು ನನಗೆ ವಾಪಸ್ ಸಿಕ್ಕವು. ಮುಂದಿನ ಭಾನುವಾರ ಮೇಡಂ ಹಿಂದಿನ ಸೀಟಿನಲ್ಲಿ ಕೂತರು. ಕೈಯಲ್ಲಿ ಚೆಂಡಿರಲಿಲ್ಲ. ಕನ್ನಡಿಯಲ್ಲಿ ನೋಡಿ, ಚೆಂಡು ಮರೆತುಬಂದಿರಾ ಎಂದು ಕೇಳಿದೆ.

"ಅದು ಸಾಕು ಬಿಡಿ ರಂಗಸ್ವಾಮಿ. ಇಷ್ಟು ದಿನ ಹಿಚುಕಿ ಏನಾಯ್ತು?"

ಆಗಲೂ ಹೇಳಬಹುದಿತ್ತು. ಬಾನೆಟ್ಟಿನೊಳಗೆ ನನ್ನ ಪಂಪು ತಿರುಗುತ್ತಲೇ ಇತ್ತು, ಎಣ್ಣೆ ಸುಮ್ಮನೆ ಸುತ್ತಿ ಟ್ಯಾಂಕಿಗೆ ವಾಪಸ್ ಹೋಗುತ್ತಲೇ ಇತ್ತು. ಅದರ ಸದ್ದು ನನಗೊಬ್ಬನಿಗೇ ಕೇಳಿಸುತ್ತಿತ್ತು. ಹುಣಸೆ ಮರದ ಕೆಳಗೆ ಕಾಫಿ ಬಗ್ಗಿಸಿಕೊಡುವಾಗ ಅವರು ಎಡಗೈಯಲ್ಲಿ ಬಗ್ಗಿಸಿದರು. ಆನೇಕಲ್ಲಿನಲ್ಲಿ ಮುದುಕಿ ಅದೇ ಹಳೆಯ ಮಾತು ತೆಗೆದಾಗ ಅವರು ನಗಲಿಲ್ಲ. ಮರುವರ್ಷ ಆ ತಾಯಿ ತೀರಿಕೊಂಡರು. ಮಗಳು ಕಾರು ಓಡಿಸಿದ್ದನ್ನು ಅವರು ನೋಡಲೇ ಇಲ್ಲ.

ಆಮೇಲೆ ಮೇಡಂ, ಕಾರು ಮಾರಿಸಿಕೊಡಿ, ನನಗ್ಯಾಕೆ ಅದು ಎಂದರು. ತಿಪಟೂರಿನ ಕಡೆಯ ಒಬ್ಬರು ಒಪ್ಪಿದರು. ಇಲ್ಲಿ ಇನ್ನೊಂದು ಹೇಳಬೇಕು, ಮುಚ್ಚಿಡುವುದಿಲ್ಲ. ಗಾಡಿ ಕೊಡುವ ಹಿಂದಿನ ದಿನ ನಾನು ಹೋಗಿ ಆ ಸ್ಕ್ರೂವನ್ನು ಬಿಗಿ ಮಾಡಿದೆ. ಕೊಂಡವರ ಮೆಕ್ಯಾನಿಕ್ ಕಂಡುಹಿಡಿದು ನನ್ನ ಹೆಸರಿಗೆ ಮಸಿ ಬಳಿದಾನು ಎಂಬ ಭಯ. ಹೆಂಗಸೊಬ್ಬರು ತಮ್ಮ ಕೈಯ ಮೇಲಿನ ನಂಬಿಕೆ ಕಳೆದುಕೊಂಡಾಗ ಬಾರದ ಭಯ. ಕೊಂಡವರ ಡ್ರೈವರು ಬೆರಳಲ್ಲಿ ತಿರುಗಿಸಿಕೊಂಡು ಆ ಇಕ್ಕಟ್ಟಿನ ಓಣಿಯಿಂದ ಕಾರನ್ನು ಸಲೀಸಾಗಿ ಹೊರಗೆ ತೆಗೆದ. ಮೇಡಂ ಗೇಟಿನಲ್ಲಿ ನಿಂತು ನೋಡಿದರು.

"ನೋಡಿ, ಅವರಿಗೆ ಎಷ್ಟು ಸಲೀಸಾಗಿ ಬರುತ್ತೆ," ಎಂದರು. ಆ ದನಿಯಲ್ಲಿ ಅಸೂಯೆ ಇರಲಿಲ್ಲ. ನನ್ನ ಕೆಲಸದ ಬಗ್ಗೆ ಮೆಚ್ಚುಗೆ ಇತ್ತು.

ಮನೆ ಬಾಡಿಗೆಗೆ ಕೊಟ್ಟು ಅವರು ಆನೇಕಲ್ಲಿಗೆ, ತಂಗಿಯ ಮನೆಗೆ ಹೋದರು. ನಾನು ಹೋಗಲಿಲ್ಲ. ಬನ್ನಿ ಎಂದು ಕರೆದಿದ್ದರೂ ಹೋಗಲಿಲ್ಲ. ಯಾವ ಭಾನುವಾರಗಳಿಗಾಗಿ ಹಾಗೆ ಮಾಡಿದೆನೋ ಅವೆಲ್ಲ ಮತ್ತೆ ಅದೇ ಕೋಣೆಯ ಗೋಡೆ ನೋಡುತ್ತ ಕಳೆದವು. ಶೆಡ್ಡು ಮುಚ್ಚಿತು, ನನ್ನ ತಲೆ ನರೆಯಿತು, ಹುಣಸೆ ಮರ ಇದ್ದಲ್ಲಿ ಮೇಲ್ಸೇತುವೆ ಬಂತು.

ಹೋದ ತಿಂಗಳು ಹೋದೆ. ಅವರಿಗೆ ಈಗ ಬಹಳ ವಯಸ್ಸಾಗಿದೆ, ನೆನಪು ಚೆನ್ನಾಗಿದೆ. ತಂಗಿಯ ಮಗಳು ಅವರ ತಲೆ ಬಾಚುತ್ತಿದ್ದಳು. ಬಲಗೈ ಮಡಿಲಲ್ಲಿ ಮಡಚಿಕೊಂಡು ಬಿದ್ದಿತ್ತು, ಬೆರಳುಗಳು ಒಳಕ್ಕೆ ಸೆಟೆದುಕೊಂಡಿದ್ದವು. ನನ್ನನ್ನು ಗುರುತು ಹಿಡಿದು, ಊಟ ಆಯ್ತಾ ರಂಗಸ್ವಾಮಿ ಎಂದರು. ನಾನು ಹೇಳಲೆಂದೇ ಹೋಗಿದ್ದೆ. ಬಸ್ಸಿನಲ್ಲಿ ಮಾತು ಜೋಡಿಸಿಕೊಂಡಿದ್ದೆ. ಆದರೆ ಮೊದಲು ಅವರೇ ಮಾತಾಡಿದರು.

"ನಿಮಗೊಂದು ಹೇಳ್ಬೇಕು ಅಂತ ಎಷ್ಟೋ ವರ್ಷದಿಂದ ಇತ್ತು. ನೀವು ಅಷ್ಟು ಕಷ್ಟಪಟ್ಟು ಅದನ್ನ ಮಾಡಿದ್ರಿ. ನನ್ನ ಈ ಹಾಳು ಕೈಯಿಂದ ನಿಮ್ಮ ಶ್ರಮ ಎಲ್ಲ ವ್ಯರ್ಥ ಆಯ್ತು. ಎಲ್ಲರ ಮುಂದೆ ನಿಮಗೆ ಅವಮಾನ ಆಯ್ತು. ತಪ್ಪು ತಿಳ್ಕೋಬೇಡಿ."

ನಾನು ಏನು ಹೇಳಿದೆ ಗೊತ್ತೇ? "ಇರ್ಲಿ ಬಿಡಿ ಮೇಡಂ, ಪರವಾಗಿಲ್ಲ," ಎಂದೆ. ಅವರನ್ನು ಕ್ಷಮಿಸಿದೆ. ಕೊಟ್ಟ ಕಾಫಿ ಕುಡಿದು, ಬಸ್ ಹತ್ತಿ ಮನೆಗೆ ಬಂದೆ.

ಸ್ಕ್ರೂ ಸಡಿಲ ಮಾಡಿದ್ದಕ್ಕಿಂತ ಇದು ದೊಡ್ಡದು. ಅಂದು ಒಂಟಿತನ ಇತ್ತು, ಜನರೆದುರು ಮಾನ ಹೋಗುವ ಭಯ ಇತ್ತು. ಮೊನ್ನೆ ಏನಿತ್ತು? ನನ್ನನ್ನು ಒಳ್ಳೆಯವನೆಂದು ತಿಳಿದಿರುವ ಜೀವ ಈ ಭೂಮಿಯ ಮೇಲೆ ಒಂದಾದರೂ ಇದೆ, ಅದನ್ನು ಕಳೆದುಕೊಳ್ಳಲಾರೆ ಎಂಬ ಆಸೆ — ಅಷ್ಟೇ. ಅಂದರೆ ನಾನು ಒಂದಿಷ್ಟೂ ಬದಲಾಗಿಲ್ಲ. ಅವರ ಕೈಯನ್ನು ಬಲಿಕೊಟ್ಟು ನನಗೊಂದು ಜೊತೆಯನ್ನು ಉಳಿಸಿಕೊಳ್ಳುತ್ತಿದ್ದೇನೆ, ಈಗಲೂ.

ಆ ಕೈ ಇನ್ನು ಬಿಚ್ಚಿಕೊಳ್ಳುವುದಿಲ್ಲ. ಆನೇಕಲ್ಲಿನ ಜಗುಲಿಯ ಮೇಲೆ ಆ ತಾಯಿ ಮತ್ತೆ ಕೂರುವುದಿಲ್ಲ. ನನ್ನಿಂದ ವಾಪಸ್ ಕೊಡಲು ಆಗುವುದು ಒಂದೇ, ಅದನ್ನೂ ಅವರು ಇರುವಾಗಲೇ ಕೊಡಬೇಕು. ಕೇಳಿದ ಮೇಲೆ ಅವರು ನನ್ನ ಮುಖ ನೋಡದಿರಬಹುದು. ಹೊರಗೆ ಹೋಗಿ ಎನ್ನಬಹುದು. ಎನ್ನಲಿ.

ಈ ಭಾನುವಾರ ಹೋಗುತ್ತಿದ್ದೇನೆ. ಈ ಸಲ ಅವರು ಬಾಯಿ ತೆರೆಯುವುದಕ್ಕೆ ಮುಂಚೆ, ಊಟ ಆಯ್ತಾ ಎಂದು ಕೇಳುವುದಕ್ಕೂ ಮುಂಚೆ, ಬಾಗಿಲಲ್ಲೇ ನಿಂತು ಹೇಳುತ್ತೇನೆ: ಮೇಡಂ, ನಿಮ್ಮ ಕೈ ಸರಿಯಾಗೇ ಇತ್ತು.